ಬೆಳ್ಳಿ ಉಳಿಯಿತು, ಲಿಂಗ ಹೋಯಿತು

"ನಾನೀ, ನನ್ನ ಕಾರ್ಡು ಕಸಗೊಂಡಾರ. ಒಂದು ಖೋಲ್ಯಾಗ ಕೂಡ್ಸ್ಯಾರ. ಸಂಜಿ ಒಳಗ ಖರೇ ಹೇಳಲಿಲ್ಲಂದ್ರ ಪೊಲೀಸರನ್ನ ಕರೀತಾರಂತ. ನಾ ಏನೂ ತಗೊಂಡಿಲ್ಲ ನಾನೀ, ಅಲ್ಲಾನ ಆಣಿ."

ಫೋನಿನಲ್ಲಿ ಮೊಮ್ಮಗಳು ಆರ್ಜೂಳ ದನಿ ಕೇಳಿ ದಾವಲಬಿ ಚಹದ ಬಟ್ಟಲನ್ನು ಕೆಳಗಿಟ್ಟಳು. ಅವಳು ಕುಳಿತದ್ದು ಮಾಟುಂಗದ ಹಳೆಯ ಬಿಲ್ಡಿಂಗೊಂದರಲ್ಲಿ, ಗೆಳತಿ ನಾಗರತ್ನಾಳ ಮನೆಯಲ್ಲಿ. ಹೋದ ರಮಜಾನಿನಲ್ಲಿ ಗಂಡ ಸರ್ದಾರ ತೀರಿಕೊಂಡ ಮೇಲೆ ಬೈಕುಲ್ಲಾದ ತನ್ನ ಖೋಲಿಯಲ್ಲಿ ಹಗಲು ಕಳೆಯುವುದು ಅವಳಿಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಲೋಕಲ್ ಹಿಡಿದು ಇಲ್ಲಿಗೆ ಬರುವಳು. ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಹಿಂತಿರುಗುವಳು. ಸತ್ತವರ ಮನೆಯಲ್ಲಿ ಗೋಡೆಗಳೂ ಮಾತಾಡುತ್ತವೆ ಎನ್ನುತ್ತಾರೆ. ಅವನ್ನು ಕೇಳುವ ಶಕ್ತಿ ಅವಳಿಗೆ ಇನ್ನೂ ಬಂದಿರಲಿಲ್ಲ.

ನಾಗರತ್ನಾ ಧಾರವಾಡದವಳು. ರೈಲ್ವೆಯ ಕಳೆದ ಸಾಮಾನುಗಳ ಕಚೇರಿಯಲ್ಲಿ ನೌಕರಿ ಸವೆಸಿ ನಿವೃತ್ತಳಾಗಿದ್ದಳು. ನಿಜವಾಗಿ ಕಳೆದುಕೊಂಡವರು ಯಾರು, ಕಳೆದುಕೊಂಡಂತೆ ನಟಿಸುವವರು ಯಾರು ಎಂಬುದನ್ನು ಕಿಟಕಿಯ ಆಚೆ ನಿಂತವರ ಮುಖ ನೋಡಿಯೇ ಹೇಳಬಲ್ಲಳು ಎಂದು ಹೆಸರಾಗಿತ್ತು. ಮದುವೆ ಮನೆಯ ನತ್ತಿನಿಂದ ಹಿಡಿದು ದೇವಸ್ಥಾನದ ಗಂಟೆಯವರೆಗೆ ಏನು ಕಾಣೆಯಾದರೂ ಮಾಟುಂಗದ ಕನ್ನಡಿಗರು ಅವಳ ಬಾಗಿಲು ತಟ್ಟುತ್ತಿದ್ದರು. ವಾರಸುದಾರರಿಲ್ಲದ ಟ್ರಂಕುಗಳ ಬೀಗ ತೆಗೆಯಲು ಸರ್ದಾರ ಆ ಕಚೇರಿಗೆ ಹೋಗುತ್ತಿದ್ದ. ಎರಡು ಮನೆಗಳ ಗೆಳೆತನ ಹಾಗೆ ಬೆಳೆದದ್ದು. ಈಗ ಇಂಥ ಕೆಲಸಕ್ಕೆ ನಾಗರತ್ನಾ ಹೊರಟರೆ ಜೊತೆಗೆ ದಾವಲಬಿಯೂ ಇರಲೇಬೇಕು.

"ಏನು ಕಳದದಂತ?" ಎಂದು ನಾಗರತ್ನಾ ಕೇಳಿದಳು.

"ಯಾರೋ ಮುದುಕಿಯ ಲಿಂಗ. ಕೊಳ್ಳಾಗಿನ ಬೆಳ್ಳಿ ಕರಡಿಗಿ ಹಂಗ ಐತಂತ ಅಕ್ಕಾ, ಒಳಗಿನ ಲಿಂಗ ಇಲ್ಲಂತ."

ಚಪ್ಪಲಿ ಮೆಟ್ಟುತ್ತಿದ್ದ ನಾಗರತ್ನಾ ಹಾಗೆಯೇ ನಿಂತಳು. "ಬೆಳ್ಳಿ ಬಿಟ್ಟು ಲಿಂಗ ತಗೊಂಡಾರ? ನಡಿ, ಟ್ಯಾಕ್ಸಿ ಹಿಡಿಯೂಣು."

*

ವಿಮಾನ ನಿಲ್ದಾಣಕ್ಕೆ ಹತ್ತಿರದ, ಆರ್ಜೂ ಕೆಲಸ ಮಾಡುತ್ತಿದ್ದ ಮಾಲ್ ಒಂದು ಊರಿನಷ್ಟು ದೊಡ್ಡದಿತ್ತು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಎಲ್ಲೆಲ್ಲಿಯೂ ಅತ್ತರಿನ ವಾಸನೆ. ಒಂದೊಂದು ಗಾಜಿನ ಅಂಗಡಿಯಲ್ಲಿ ಒಂದೇ ಒಂದು ಕೈಚೀಲ, ಅದಕ್ಕೆ ಮೇಲಿನಿಂದ ದೀಪ. ಒಳಗೆ ಕಾಲಿಟ್ಟ ಕೂಡಲೇ ದಾವಲಬಿ ಸೆರಗನ್ನು ಕಿವಿಯವರೆಗೆ ಎಳೆದುಕೊಂಡಳು. ಮೇ ತಿಂಗಳ ಬಿಸಿಲು ಬಾಗಿಲಲ್ಲೇ ಉಳಿದು, ಒಳಗೆ ಮಾಘದ ಥಂಡಿ ಕೊರೆಯುತ್ತಿತ್ತು.

ಭದ್ರತೆಯ ಮುಖ್ಯಸ್ಥ ದೂಜ ಪೂಜಾರಿ ಎದುರು ಬಂದ. ಉಡುಪಿ ಕಡೆಯವನು.

"ನೋಡಿ ಅಮ್ಮ, ಹುಡುಗಿಯ ಬಗ್ಗೆ ನಾನು ಒಂದು ಕೆಟ್ಟ ಮಾತು ಹೇಳುವುದಿಲ್ಲ. ಗಾಲಿಕುರ್ಚಿ ತಳ್ಳುವ ಕೆಲಸಕ್ಕೆ ಅವಳಷ್ಟು ತಾಳ್ಮೆಯವಳು ಬೇರೆ ಇಲ್ಲ. ಆದರೆ ಮೇಲಿನವರು ಉಂಟಲ್ಲ, ಅವರಿಗೆ ಒಂದು ಹೆಸರು ಬೇಕು. ಕರಡಿಗೆಯ ಮುಚ್ಚಳ ಹಾಕಿದ್ದು ಇವಳೇ. ಆಮೇಲೆ ಊಟದ ಹೊತ್ತಿನ ತನಕ ಯಾರೂ ತೆಗೆಯಲಿಲ್ಲ. ಮತ್ತೆ, ಇವಳ ಧರ್ಮ ಬೇರೆ ಅಂತ ಒಬ್ಬರು ಶುರು ಮಾಡಿದ್ದಾರೆ."

"ಯಾರದು?" ಎಂದಳು ದಾವಲಬಿ.

"ಬಿಡಿ ಮಾರಾಯ್ರೆ, ಸಿಟ್ಟಿನ ಬಾಯಿ."

ಕೋಣೆಯಲ್ಲಿ ನಾಲ್ವರಿದ್ದರು. ಮೂಲೆಯ ಸ್ಟೂಲಿನ ಮೇಲೆ ಕಣ್ಣು ಊದಿಸಿಕೊಂಡ ಆರ್ಜೂ. ನಡುವೆ ಗಾಲಿಕುರ್ಚಿಯಲ್ಲಿ ವಿಜಯಪುರದ ರಾಚವ್ವ. ಇಳಕಲ್ಲ ಸೀರೆ, ಒಣಗಿದ ತುಟಿ, ಎದೆಯ ಮೇಲೆ ಬರಿದಾದ ಬೆಳ್ಳಿ ಕರಡಿಗೆ. ಅವಳ ಪಕ್ಕದಲ್ಲಿ, ಅವಳನ್ನು ಚಿಗವ್ವ ಎಂದು ಕರೆಯುವ ಅಕ್ಕನ ಮಗ ಶಶಿಕಾಂತ, ಊರಿನ ಶಾಲೆಯ ಮಾಸ್ತರ. ಬಾಗಿಲ ಬಳಿ ಮತ್ತೊಮ್ಮೆ ಚೀಲ ತಡಕುತ್ತಿದ್ದ ಅವಳ ಅಣ್ಣನ ಮೊಮ್ಮಗಳು ರೂಪಾಲಿ, ಮುಲುಂಡದಲ್ಲಿ ಹುಟ್ಟಿ ಬೆಳೆದವಳು.

ರಾಚವ್ವ ಹೊರಟಿದ್ದದ್ದು ಮಸ್ಕತ್ತಿಗೆ. ಒಬ್ಬನೇ ಮಗ ಗುರುಬಸವ ಅಲ್ಲಿ ಆಸ್ಪತ್ರೆಯಲ್ಲಿದ್ದ. ಬೆಳಗಿನ ವಿಮಾನದಲ್ಲಿ ಬೆಳಗಾವಿಯಿಂದ ಬಂದಿದ್ದರು. ಮುಂದಿನ ವಿಮಾನ ರಾತ್ರಿಗೆ. ನಡುವಿನ ಹಗಲು ಕಳೆಯಲೆಂದು ರೂಪಾಲಿ ಅವರನ್ನು ಈ ತಂಪಿಗೆ ಕರೆತಂದಿದ್ದಳು.

"ನೀರರೆ ಕುಡೀರಿ ಅವ್ವಾರ," ಎಂದು ನಾಗರತ್ನಾ ಕೆಳಗೆ ಕುಳಿತು ಹೇಳಿದಳು.

"ಲಿಂಗ ಕಳಕೊಂಡಾಕಿ ನೀರು ಮುಟ್ಟೂದು ಹ್ಯಾಂಗ ತಂಗಿ? ನೀನೂ ನಮ್ಮಾಕೀನ ಕಾಣ್ತಿ, ನಿನಗ ಗೊತ್ತಿರಬೇಕು."

"ಗೊತ್ತೈತಿ. ಅದಕ್ಕ ಲಗೂನ ಹುಡುಕೂಣು. ಮುಂಜಾನಿಂದ ಏನೇನಾತು ಹೇಳ್ರಿ."

ಬಂದ ಕೂಡಲೇ ಮೇಲಿನ ಅಂತಸ್ತಿನಲ್ಲಿ ಒಂದಿಷ್ಟು ಅಡ್ಡಾಡಿದರು ಎಂದಳು ರಾಚವ್ವ. "ಇಷ್ಟು ದೊಡ್ಡ ಬಜಾರದಾಗ ಒಂದು ಕೊತ್ತಂಬರಿ ಸಿವುಡು ಇಲ್ಲ ನೋಡವಾ. ಯಾರಿಗೆ ಹಸಿವ್ಯಾಗೂದಿಲ್ಲೋ ಅವರ ಬಜಾರ ಇದು." ಆಮೇಲೆ ಪೂಜೆಯ ಹೊತ್ತಾಯಿತು. ತಾಯಂದಿರು ಕೂಸಿಗೆ ಹಾಲುಣಿಸುವ ಒಂದು ಕೋಣೆ ಇತ್ತು. ಅಲ್ಲಿ ಕೈಕಾಲು ಮುಖ ತೊಳೆದು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಬಟ್ಟೆಯಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟಳು. ವಾಯುವಿನಿಂದ ಸೊಟ್ಟಾದ ಬೆರಳಿಗೆ ಮುಚ್ಚಳ ಒತ್ತಲು ಬರಲಿಲ್ಲ. ಆರ್ಜೂ ಒತ್ತಿ ಕೊಟ್ಟಳು.

"ಆ ಹುಡುಗಿ ಕೈಯಿಂದ ಮುಚ್ಚಿಸಿದ್ದು ನೀವಾ?"

"ನಾನ. ಹಾಲು ಕರದಾಕಿ ಯಾರಂತ ಕೇಳಿ ಕುಡೀತೀವೇನು? ಮುಚ್ಚೂದು ಕಣ್ಣಾರೆ ನೋಡೀನಿ. ರೂಪಾಲಿನೂ ನೋಡ್ಯಾಳ."

ರೂಪಾಲಿ ಮುಖ ತಿರುಗಿಸಿದಳು. "ನೋಡಿದೆ. ಆದ್ರೆ ಆಂಟಿ, ಅವಳ ಹಾಥ್ ಕಿತ್ನಾ ಫಾಸ್ಟ್ ಇದೆ, ಹೂ ನೋಸ್? ಊಟದ ಟೈಮಿಗೆ ಅಜ್ಜಿ ಲಿಂಗಕ್ಕೆ ತೋರಿಸ್ದೆ ತಿನ್ನಲ್ಲ ಅಂತ ನಾನೇ ಓಪನ್ ಮಾಡಿದೆ. ಒಳಗೆ ಕಪಡಾ, ಅದರಲ್ಲಿ ಒಂದು ಚಾಕ್ ತರಾ ತುಕಡಾ. ಬಸ್."

"ಚಾಕ್?"

ದೂಜ ಮೇಜಿನ ಮೇಲಿನ ಕಾಗದ ಬಿಡಿಸಿದ. ಒಳಗೆ ಅಂಚು ಸವೆದ, ಗುಂಡಗಿನ, ಬೆಳ್ಳಗಿನ ತುಂಡು. ನಾಗರತ್ನಾ ಅದನ್ನು ಕಣ್ಣಿಗೊತ್ತಿಕೊಂಡಳು. "ಇದು ವಿಭೂತಿ," ಎಂದಳು. ರಾಚವ್ವ ಸೊಂಟದ ಚೀಲ ಬಿಚ್ಚಿ ತನ್ನ ವಿಭೂತಿ ಗಟ್ಟಿಯನ್ನು ತೋರಿಸಿದಳು. ಅದು ಇಡಿಯಾಗಿತ್ತು.

"ನಡುವ ಕರಡಿಗಿ ಯಾರರೆ ಮುಟ್ಟಿದ್ರೇನು?"

"ನಾ ಮುಟ್ಟೀನ್ರಿ ಬಾಯಾರ," ಎಂದ ಶಶಿಕಾಂತ. ಬಂದಾಗಿನಿಂದ ಅದೇ ಅವನ ಮೊದಲ ಮಾತು. "ಕರಡಿಗಿಯ ಶಿವದಾರದ ಗಂಟು ಸಡಲಾಗಿತ್ತು. ಮ್ಯಾಲೆ ಆ ಗಾಜಿನ ಗಿಡದ ಬುಡಕ ನಿಂತು ಕಟ್ಟಿದೆ. ಮುಚ್ಚಳ ತಗೀಲಿಲ್ಲ. ಆದ್ರ ಈ ಹುಡುಗೀದೂ ಏನೂ ತಪ್ಪಿಲ್ಲ. ಪೊಲೀಸರು ಬ್ಯಾಡ್ರಿ. ಹೋದದ್ದು ಹೋತು, ನಾವು ಊರಿಗೆ ಹೊಳ್ಳಿ ಹೋಗ್ತೀವಿ. ಮಠದಾಗ ಅಜ್ಜಾರ ಬ್ಯಾರೆ ಲಿಂಗ ಕಟ್ಟತಾರ."

"ಊರಿಗೆ?" ರಾಚವ್ವ ತಲೆಯೆತ್ತಿದಳು. "ಅಲ್ಲಿ ಗುರುಬಸು ಹಾದಿ ಕಾಯ್ತಾನಲ್ಲೋ."

ಅವನು ಎಡಗೈಯನ್ನು ಅಂಗಿಯ ಮೇಲ್ಜೇಬಿನ ಮೇಲಿಟ್ಟುಕೊಂಡು ಚಿಗವ್ವನ ಮುಖವನ್ನೇ ನೋಡುತ್ತ ಕುಳಿತ. ಅವನ ಮುಂದಿನ ನೀರಿನ ಬಾಟಲಿಯ ಮುಚ್ಚಳವೂ ತೆರೆದಿರಲಿಲ್ಲ.

"ಎದಿ ನೋಯ್ತೈತೇನೋ ತಮ್ಮ?" ಎಂದು ದಾವಲಬಿ ಕೇಳಿದಳು. ಸರ್ದಾರನೂ ಕೊನೆಗೆ ಹೀಗೆಯೇ ಎದೆ ಹಿಡಿದುಕೊಂಡು ಕುಳಿತಿದ್ದ.

"ಇಲ್ಲವ್ವ," ಎಂದು ಅವನು ಕೈ ತೆಗೆದ. ಮರುಕ್ಷಣ ಮತ್ತೆ ಇಟ್ಟ.

*

ಅವರು ನಡೆದ ದಾರಿಯನ್ನೇ ತಾನೂ ನಡೆಯಬೇಕೆಂದು ನಾಗರತ್ನಾ ಹೇಳಿದಳು. ದೂಜ ಮುಂದೆ, ರೂಪಾಲಿ ಫೋನ್ ಹಿಡಿದು ಜೊತೆಗೆ. ಹಾಲುಣಿಸುವ ಕೋಣೆಯ ಹೊರಗೆ ಒಂದು ಬೆಂಚು. ಒಳಗೆ ಪೂಜೆ ನಡೆದಾಗ ಶಶಿಕಾಂತ ಅದರ ಮೇಲೆ ಕಾದಿದ್ದನಂತೆ. ಅಲ್ಲಿಂದ ಗಾಜಿನ ಲಿಫ್ಟಿನಲ್ಲಿ ಮೇಲೇರಿದರೆ ಕೃತಕ ಮರವೊಂದು ನಾಲ್ಕು ಅಂತಸ್ತು ಎತ್ತರ ನಿಂತಿತ್ತು. ಎಲೆಗಳೆಲ್ಲ ಗಾಜು, ಪ್ರತಿ ಎಲೆಯಲ್ಲೂ ಮಿಣುಕು ದೀಪ. ತಲೆ ಎತ್ತಿದವರು ಹಾಗೆಯೇ ನಿಲ್ಲಬೇಕು. ದಾವಲಬಿಯೂ ನಿಂತಳು. ಇಷ್ಟೆಲ್ಲ ಬೆಳಕಿದ್ದರೂ ಒಂದು ಹಕ್ಕಿ ಇಲ್ಲವಲ್ಲ ಎಂದು ಅವಳ ಮನಸ್ಸಿಗೆ ಅನಿಸಿತು.

"ಅಜ್ಜಿ ಇಲ್ಲೇ ಮೇಲೆ ನೋಡ್ತಾ ಇದ್ದಳು. ಆರ್ಜೂಗೆ ನಾನು ಫೋಟೋ ತೆಗಿಯೋಕೆ ಹೇಳಿದೆ. ಶಶಿ ಕಾಕಾ ಪೀಛೆ ನಿಂತು ದಾರ ಕಟ್ಟಿದ," ಎಂದಳು ರೂಪಾಲಿ.

"ಹಿಂದ ನಿಂತಾ?"

"ಗಂಟು ಕುತ್ತಿಗೆ ಹಿಂದೇನೇ ಇತ್ತಲ್ಲ."

"ನೀ ತಗದ ಫೋಟೋ ಎಲ್ಲಾ ತೋರಸು ಮಗಾ."

ರೂಪಾಲಿ ಬೆರಳಾಡಿಸಿದಳು. ಬೆಳಿಗ್ಗೆ ಕಾರಂಜಿಯ ಮುಂದೆ ಮೂವರೂ. ರಾಚವ್ವ ಶಾಲು ಹೊದ್ದು ಕುಳಿತಿದ್ದಾಳೆ. ಶಶಿಕಾಂತನ ಹಣೆಯ ಮೇಲೆ ದಪ್ಪಗೆ ಮೂರು ಗೆರೆ ವಿಭೂತಿ. ಇನ್ನೊಂದು, ಗಾಜಿನ ಮರದ ಕೆಳಗೆ ಆರ್ಜೂ ತೆಗೆದದ್ದು. ನಾಗರತ್ನಾ ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ದಾವಲಬಿಯೂ ಇಣುಕಿದಳು. ಅವಳಿಗೆ ಕಂಡದ್ದು ನಗುವ ಮುದುಕಿ ಮತ್ತು ನಗದ ಒಬ್ಬ ಮಾಸ್ತರ, ಅಷ್ಟೇ.

"ನಿಮ್ಮ ಕಾಕಾನ ಹಣಿ ಬರೇ ಆಗೇತಲ್ಲ?"

"ನಾನೂ ಕೇಳಿದೆ ಆಂಟಿ. ಬೆವರಿಗೆ ಹೋಗಿರಬೇಕು ಅಂದ."

ನಾಗರತ್ನಾ ಕಟಾಂಜನದ ಬಳಿ ಹೋಗಿ ನಿಂತಳು. ಕೆಳಗೆ ಜನ ಬಣ್ಣದ ಚೀಲ ಹಿಡಿದು ಹರಿದಾಡುತ್ತಿದ್ದರು. ದಾವಲಬಿಯನ್ನು ಹತ್ತಿರ ಕರೆದಳು.

"ಇದು ಕಳವಲ್ಲ ದಾವಲಬಿ. ಬಿಚ್ಚಿ ಹೇಳಿದ್ರ ನಿನ್ನ ಮೊಮ್ಮಗಳು ಉಳೀತಾಳ. ಆದ್ರ ಒಬ್ಬರ ಎದಿ ಒಡೀತದ."

"ಸುಮ್ಮನಿದ್ರ?"

"ಅದು ಇವತ್ತಲ್ಲ ನಾಳೆ ಒಡಿಯೂ ಎದಿನ. ಆದ್ರ ಆರ್ಜೂನ ಹೆಸರು ಇವತ್ತು ಹೋದ್ರ ಮತ್ತ ಬರೂದಿಲ್ಲ."

ದಾವಲಬಿ ಕಣ್ಣು ಮುಚ್ಚಿದಳು. ಮೊಮ್ಮಗಳಿಗಾಗಿ ಬೇಡಿದರೆ ಇನ್ನೊಬ್ಬರ ದುಃಖವನ್ನು ಬೇಡಿದಂತೆ. ಪರವರದಿಗಾರ್, ನೀನೇ ನೋಡಿಕೋ ಎಂದು ಮನಸ್ಸಿನಲ್ಲೇ ಹೇಳಿ, "ನಡಿ ಅಕ್ಕಾ," ಎಂದಳು.

*

ಕೋಣೆಯಲ್ಲಿ ಎಲ್ಲರೂ ಮತ್ತೆ ಸೇರಿದರು. ಮಾಲಿನ ವ್ಯವಸ್ಥಾಪಕಿಯೊಬ್ಬಳೂ ಬಂದು ಗಡಿಯಾರ ನೋಡುತ್ತ ನಿಂತಳು. ಕನ್ನಡ ಬಾರದ ಅವಳಿಗೆ ದೂಜ ಮೆಲ್ಲಗೆ ಹಿಂದಿಯಲ್ಲಿ ಹೇಳುತ್ತಿದ್ದ.

"ಕಳ್ಳನಿಗೆ ಬೇಕಾದ್ದು ಬೆಳ್ಳಿ," ಎಂದು ನಾಗರತ್ನಾ ಆರಂಭಿಸಿದಳು. "ಇಲ್ಲಿ ಬೆಳ್ಳಿ ಉಳದದ, ಲಿಂಗ ಹೋಗೇದ. ಅಂದ ಮ್ಯಾಲೆ ಆಶಾಕ್ಕ ತಗೊಂಡದ್ದಲ್ಲ. ದ್ವೇಷಕ್ಕ ತಗೊಂಡಾರು ಅಂತ ಈ ಹುಡುಗಿ ಮ್ಯಾಲೆ ಹೊರಿಸಿದ್ರಿ. ದ್ವೇಷ ಇದ್ದವರು ಖಾಲಿ ಬಿಡತಿದ್ರು, ಇಲ್ಲಾ ಹರಳು ತುಂಬತಿದ್ರು. ಇವರೇನು ಮಾಡ್ಯಾರ? ಕರಡಿಗಿ ಖಾಲಿ ಇರಬಾರದು ಅಂತ ವಿಭೂತಿ ಇಟ್ಟಾರ. ಅದೂ ಬಟ್ಟೀಯೊಳಗ, ಲಿಂಗ ಸುತ್ತಿದಂಗ ಸುತ್ತಿ. ಲಿಂಗ ತಗೊಂಡ ಕೈ ಲಿಂಗಕ್ಕ ಅಂಜೂ ಕೈ."

ಆರ್ಜೂ ತಲೆಯೆತ್ತಿದಳು.

"ಆರ್ಜೂ ಮುಚ್ಚಳ ಒತ್ತಿದ್ದು ಇಬ್ಬರ ಕಣ್ಣ ಮುಂದ. ಅಷ್ಟರಾಗ ಲಿಂಗ ತಗದು, ವಿಭೂತಿ ಸುತ್ತಿ ಇಡೂದು ಆಗದ ಮಾತು. ರೂಪಾಲಿ ತಗದಾಗಲೂ ಎಲ್ಲಾರೂ ಊಟಕ್ಕ ಕುಂತು ಅದನ್ನ ನೋಡತಿದ್ರು. ಆಕಿಗಂತೂ ವಿಭೂತಿ ಅಂದ್ರ ಏನಂತನೂ ಗೊತ್ತಿಲ್ಲ, ಚಾಕ್ ಅಂದ್ಳು."

ರೂಪಾಲಿ ಕೆಂಪಾದಳು.

"ಉಳಿದದ್ದು ದಾರ ಕಟ್ಟಿದ ಹೊತ್ತು. ಗಂಟು ಕುತ್ತಿಗಿ ಹಿಂದ. ದಾರ ಎಳದ್ರ ಕರಡಿಗಿನೂ ಹಿಂದ ಬರತದ. ಅವ್ವಾರ ಕಣ್ಣು ಗಾಜಿನ ಗಿಡದ ಮ್ಯಾಲೆ, ಹುಡುಗ್ಯಾರ ಕಣ್ಣು ಫೋನಿನ ಮ್ಯಾಲೆ. ಮುಂಜಾನೆ ಫೋಟೋದಾಗ ಮಾಸ್ತರ ಹಣಿ ತುಂಬ ವಿಭೂತಿ ಐತಿ. ಗಿಡದ ಕೆಳಗ ಇಲ್ಲ. ಬೆವರಿಗೆ ಹೋತು ಅಂದ್ರು. ಶಾಲು ಹೊದಿಯೂ ಈ ಥಂಡ್ಯಾಗ ಯಾರಿಗೆ ಬೆವರು ಬರತದ? ಮುಖ ತೊಳಕೊಂಡಾರ. ಇಂಥಾ ಭಕ್ತರು ಮುಖ ತೊಳದ ಮ್ಯಾಲೆ ಮತ್ತ ವಿಭೂತಿ ಹಚ್ಚಲಿಲ್ಲ, ಯಾಕಂದ್ರ ತಮ್ಮ ತುಂಡನ್ನ ಕರಡಿಗ್ಯಾಗ ಇಟ್ಟುಬಿಟ್ಟಿದ್ರು. ಚಿಗವ್ವನ ಹತ್ತರ ಕೇಳಿ ಹಚ್ಚಿಕೊಳ್ಳೂಣಂದ್ರ ಆಕಿ ಇವರ ಅತ್ತ ಕಣ್ಣು ನೋಡತಿದ್ಳು."

ಶಶಿಕಾಂತ ಮೇಲ್ಜೇಬನ್ನು ಇನ್ನಷ್ಟು ಒತ್ತಿ ಹಿಡಿದ.

"ನನ್ನ ಕಚೇರ್ಯಾಗ ಒಂದು ಕಲತೀನಿ. ಕಳಕೊಂಡವರು ನೆಲ ನೋಡತಾರ. ಈ ಖೋಲ್ಯಾಗ ಎಲ್ಲಾರೂ ಕುರ್ಚಿ ಕೆಳಗ, ಚೀಲದಾಗ ಹುಡಿಕ್ಯಾರ. ಮಾಸ್ತರು ಒಂದು ಸಲನೂ ಕೆಳಗ ನೋಡಿಲ್ಲ. ಚಿಗವ್ವನ ಮುಖಾನ ನೋಡ್ಯಾರ. ಆಕಿ ನೀರು ಕುಡಿಯೂತನ ತಾವೂ ಕುಡದಿಲ್ಲ. ಕೈ ಎದಿ ಮ್ಯಾಲಿಂದ ತಗದಿಲ್ಲ. ತಮ್ಮಾ, ಲಿಂಗ ನಿನ್ನ ಜೇಬಿನಾಗ ಐತಿ. ಚೀಲದಾಗ ಚಪ್ಪಲಿ ಸಂಗಾಟ ಅದನ್ನ ಇಡಾಕ ನಿನಗ ಮನಸು ಬರಲಿಲ್ಲ."

ಅವನು ಜೇಬಿನಿಂದ ಬಿಳಿ ಕರವಸ್ತ್ರದ ಗಂಟೊಂದನ್ನು ಹೊರತೆಗೆದ.

"ಬೆಳ್ಳಿ ಬಿಟ್ಟದ್ದು, ಯಾರನ್ನೂ ಕಳ್ಳರು ಅನ್ನಬಾರದಂತ," ಎಂದ. "ಈ ಹುಡುಗಿ ಮ್ಯಾಲೆ ಬರತದಂತ ನಾ ಕನಸಿನಾಗೂ ಎಣಿಸಿರಲಿಲ್ಲ. ಬಾಯಿ ಬಿಡಬೇಕಂತ ಎಷ್ಟು ಸಲ ಎದ್ದೆ. ಬಿಟ್ರ ಎಲ್ಲಾ ಬಿಡಬೇಕಾಗತಿತ್ತು."

"ಲಿಂಗ ಇಲ್ಲದ ಆಕಿ ಮುಂದ ಹೋಗೂದಿಲ್ಲ, ಮಠಕ್ಕ ಹೊಳ್ಳತಾಳ. ಅಷ್ಟ ಬೇಕಾಗಿತ್ತು ನಿನಗ," ಎಂದಳು ನಾಗರತ್ನಾ. "ಪೂಜಿ ಹೊತ್ತಿನಾಗ ಬೆಂಚಿನ ಮ್ಯಾಲೆ ಕುಂತಾಗ ನಿನಗೊಂದು ಫೋನ್ ಬಂದಿರಬೇಕು. ಏನಂತ ಬಂತು ಅನ್ನೂದು ಹೇಳಾಕ ನಾ ಯಾರು?"

ಹೊರಗೆ ಎಲ್ಲೋ ಇಂಪಾದ ವಾದ್ಯ ನುಡಿಯುತ್ತಲೇ ಇತ್ತು. ರಾಚವ್ವ ಎರಡೂ ಕೈಯನ್ನು ಕುರ್ಚಿಯ ಹಿಡಿಯ ಮೇಲಿಟ್ಟು ಮುಂದಕ್ಕೆ ಬಾಗಿದಳು.

"ಶಶೀ. ನನ್ನ ಮಗ ಅದಾನೋ ಇಲ್ಲೋ? ಅಷ್ಟ ಹೇಳು."

ಶಶಿಕಾಂತ ಅವಳ ಪಾದದ ಬಳಿ ಕುಸಿದ. "ಮುಂಜಾನೆನ ಲಿಂಗೈಕ್ಯ ಆದ ಚಿಗವ್ವ. ನೀವು ಬರಬ್ಯಾಡ್ರಿ, ದೇಹ ನಾವ ಕಳಸ್ತೀವಿ ಅಂದ್ರು ಕಂಪನಿಯವರು. ವಿಮಾನ ರದ್ದಾತು ಅಂತ ಸುಳ್ಳು ಹೇಳಿದ್ರ ರೂಪಾಲಿ ಫೋನಿನಾಗ ನೋಡತಿದ್ಳು. ಈ ಥಳಕಿನೊಳಗ, ಈ ನಗೂ ಮಂದಿ ನಡುವ ನಿನಗ ಹ್ಯಾಂಗ ಹೇಳ್ಲಿ? ಊರು ಮುಟ್ಟಿಸಿ, ನಮ್ಮವರ ನಡುವ ಕೂಡ್ಸಿ ಹೇಳಬೇಕಂತ ಮಾಡಿದ್ದೆ."

ರೂಪಾಲಿ ಬಾಯಿಗೆ ಕೈ ಹಿಡಿದು ಗೋಡೆಗೆ ಒರಗಿದಳು. ರಾಚವ್ವ ಅಳಲಿಲ್ಲ. ಕರವಸ್ತ್ರದ ಗಂಟನ್ನು ಇಸಿದುಕೊಂಡು, ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಹಣೆಗೆ ಮುಟ್ಟಿಸಿದಳು. ಅವಳ ತುಟಿ ಏನೋ ನುಡಿಯಿತು. ಅದು ದೇವರ ಹೆಸರೋ ಮಗನ ಹೆಸರೋ ದಾವಲಬಿಗೆ ಕೇಳಿಸಲಿಲ್ಲ. ಆಮೇಲೆ ತಲೆಯೆತ್ತಿ ದೂಜನತ್ತ ನೋಡಿದಳು.

"ಸಾಹೇಬ, ಆ ಬಾಯಾರಿಗೆ ಹಿಂದಿಯಾಗ ಹೇಳ್ರಿ. ಈ ಹುಡುಗಿ ನನ್ನದೇನೂ ತಗೊಂಡಿಲ್ಲ. ತಗೊಂಡದ್ದು ನಮ್ಮ ಮನೀ ಹುಡುಗ. ಮೊದಲ ಆಕಿ ಕಾರ್ಡ ಕೊಡ್ರಿ."

"ಅಮ್ಮ, ಅದು ಆಮೇಲೆ ಮಾಡುವ. ನೀವು ಈಗ..."

"ಅಳಾಕ ನನಗ ಇನ್ನ ಇದ್ದಷ್ಟು ದಿನ ಅದಾವ. ಆಕಿ ಮರ್ಯಾದಿ ಈಗ ಬೇಕು."

ವ್ಯವಸ್ಥಾಪಕಿ ತಾನೇ ಮೇಜಿನ ಖಾನೆ ಎಳೆದು ಕಾರ್ಡನ್ನು ತೆಗೆದುಕೊಟ್ಟಳು. ರೂಪಾಲಿ ಆರ್ಜೂಳ ಬಳಿ ಹೋಗಿ ಅವಳ ಕೈ ಹಿಡಿದುಕೊಂಡಳು. ಆರ್ಜೂ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ದಾವಲಬಿ ನೀರಿನ ಲೋಟ ಹಿಡಿದು ರಾಚವ್ವನ ಮುಂದೆ ಕುಳಿತಳು. ಸರ್ದಾರ ಹೋದಾಗ ಎಷ್ಟೊಂದು ಜನ ಎಷ್ಟೊಂದು ಮಾತು ಹೇಳಿದ್ದರು. ಒಂದೂ ಅವಳಿಗೆ ನೆನಪಿರಲಿಲ್ಲ. ಪಕ್ಕದ ಖೋಲಿಯ ಮುದುಕಿ ಬಾಯಿ ಬಿಡದೆ ತಲೆಗೆ ಎಣ್ಣೆ ಹಚ್ಚಿದ್ದು ಮಾತ್ರ ನೆನಪಿತ್ತು. ಹಾಗಾಗಿ ಅವಳೂ ಏನೂ ಹೇಳದೆ ಲೋಟವನ್ನು ತುಟಿಯವರೆಗೆ ಹಿಡಿದಳು. ರಾಚವ್ವ ಲಿಂಗಕ್ಕೆ ತೋರಿಸಿ ಒಂದು ಗುಟುಕು ಕುಡಿದಳು.

ಮುಲುಂಡಕ್ಕೆ ಹೋಗಿ ಅಲ್ಲಿಯೇ ಮಗನ ದೇಹಕ್ಕೆ ಕಾಯುವುದೆಂದು ತೀರ್ಮಾನವಾಯಿತು. ಶಶಿಕಾಂತ ಕುರ್ಚಿಯ ಹಿಡಿಗೆ ಕೈ ಹಾಕಿದ. ರಾಚವ್ವ ಬೇಡವೆಂದು ತಲೆಯಾಡಿಸಿದಳು.

"ನೀ ಮಾಡಿದ್ದು ನನಗ ತಿಳೀತದೋ ಶಶಿ. ಆದ್ರ ಆಕಿ ತಳ್ಳಲಿ."

ಆರ್ಜೂ ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಕುರ್ಚಿಯ ಹಿಂದೆ ನಿಂತಳು. ಅಂಗಡಿಗಳ ಬಾಗಿಲಲ್ಲಿ ಕೆಲಸದವರು ಇಣುಕುತ್ತಿದ್ದರು. ಮಧ್ಯಾಹ್ನ ಅವಳನ್ನು ತೋಳು ಹಿಡಿದು ಕರೆದೊಯ್ದದ್ದನ್ನು ಅವರೆಲ್ಲ ನೋಡಿದ್ದರು. ಅವಳು ತಲೆ ತಗ್ಗಿಸಿ ಬೇಗ ಬೇಗ ತಳ್ಳತೊಡಗಿದಳು.

ಆಗ ರಾಚವ್ವನ ಕಣ್ಣಿನಿಂದ ಮೊದಲ ಹನಿ ಇಳಿಯಿತು. ಅದನ್ನು ಒರೆಸಿಕೊಳ್ಳದೆ, ಕುತ್ತಿಗೆ ನೆಟ್ಟಗೆ ಹಿಡಿದು ಅವಳು ಹೇಳಿದಳು: "ಸಾವಕಾಶ ನಡಿಯವ್ವ. ಮಂದಿ ನೋಡಲಿ."

ಆರ್ಜೂ ತಲೆಯೆತ್ತಿದಳು. ಕುರ್ಚಿ ಆ ಉದ್ದನೆಯ ಹೊಳೆಯುವ ನೆಲದ ಮೇಲೆ ನಿಧಾನವಾಗಿ, ಪ್ರತಿ ಬಾಗಿಲನ್ನೂ ದಾಟಿ ಸಾಗಿತು.